ಸರಳಾ ಮಾತಾಡದ ದಿನ

ಉಪೇಂದ್ರ ಅವರನ್ನ ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಇದನ್ನ ಮುಚ್ಚಿಟ್ಟು ಬರೆದರೆ ಮುಂದಿನದೆಲ್ಲ ಸುಳ್ಳಾಗುತ್ತೆ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಅವರ ಹೆಂಡತಿ ಸರಳಾ ನನ್ನ ಗೆಳತಿ. ಅಮೆರಿಕದ ಮಿಷಿಗನ್ನಿನ ನೋವೈ ಅನ್ನೋ ಊರಲ್ಲಿ ಇಪ್ಪತ್ತೆಂಟು ವರ್ಷದಿಂದ ಒಂದೇ ಬಡಾವಣೆಯಲ್ಲಿದ್ದೀವಿ, ಅವರ ಮನೆಗೂ ನಮ್ಮ ಮನೆಗೂ ನಡುವೆ ನಾಲ್ಕೇ ಮನೆ.

ಉಪೇಂದ್ರ ಮೈಸೂರಿನವರು. ಮೂವತ್ತೊಂದು ವರ್ಷ ಕಾರು ಕಂಪನಿಯಲ್ಲಿ ಒಂದೇ ಕೆಲಸ ಮಾಡಿದರು. ಹೊಸ ಕಾರನ್ನ ಶೆಡ್ಡಲ್ಲಿ ನಿಲ್ಲಿಸಿ, ಮೇಲಿಂದ ಮಳೆ ಥರ ನೀರು ಸುರಿಸಿ, ಒಳಗೆ ಎಲ್ಲಿ ಸೋರುತ್ತೆ ಅಂತ ಟಾರ್ಚ್ ಹಿಡಿದು ಹುಡುಕೋದು. ಮನೇಲೂ ಅದೇ ಬುದ್ಧಿ. ಸರಳಾ ಮಾಡಿದ ಸಾರಲ್ಲಿ ತಪ್ಪು, ನಾನಾಡಿದ ಮಾತಲ್ಲಿ ತಪ್ಪು, ಪುರೋಹಿತರು ಹೇಳಿದ ಮುಹೂರ್ತದಲ್ಲೂ ತಪ್ಪು. ಡ್ರೈವಿಂಗ್ ವಿಷಯ ಕೇಳಲೇಬೇಡಿ. ಮೂವತ್ತೊಂದು ವರ್ಷದಲ್ಲಿ ಪೊಲೀಸರ ಕೈಲಿ ಒಂದು ದಂಡದ ಟಿಕೆಟ್ ತಗೊಂಡಿಲ್ಲ. ಹಬ್ಬದ ದಿನ ದೇವಸ್ಥಾನದ ಪಾರ್ಕಿಂಗ್ ಲಾಟಲ್ಲಿ ಹಳದಿ ಜಾಕೆಟ್ ಹಾಕ್ಕೊಂಡು ನಿಂತು, ಬಂದ ಕಾರನ್ನೆಲ್ಲ ಎಡಕ್ಕೆ ಬಲಕ್ಕೆ ಕಳಿಸೋರು. ಒಂದ್ಸಲ ನಾನು ಗೆರೆ ಮೇಲೆ ನಿಲ್ಲಿಸಿದ್ದೆ ಅಂತ, ಮಂಗಳಾರತಿ ಹೊತ್ತಲ್ಲಿ ನನ್ನನ್ನ ಆಚೆ ಕರೆಸಿ ಕಾರು ಸರಿ ಮಾಡಿಸಿದ ಪುಣ್ಯಾತ್ಮ.

ಆಸ್ಟ್ರೇಲಿಯಾ ಸರಳಾಳ ಆಸೆ. ಲೈಬ್ರರಿಯಲ್ಲಿ ಕೆಲಸ ಮಾಡ್ತಿದ್ದಳಲ್ಲ, ಅಲ್ಲಿ ಯಾವುದೋ ಪುಸ್ತಕದಲ್ಲಿ ಕ್ಯಾರವಾನ್ ನೋಡಿದ್ದಳು. ಒಳಗೇ ಒಲೆ, ಸಿಂಕು, ಹಾಸಿಗೆ ಎಲ್ಲಾ ಇರೋ ಗಾಡಿ. "ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಅನ್ನ ಮಾಡ್ಕೊಂಡು, ಹೊಲ ನೋಡ್ತಾ ತಿನ್ನೋದು ಕಣೇ ಪದ್ಮ" ಅಂತಿದ್ದಳು. ಹೋಟೆಲು, ಸಮುದ್ರ, ಷಾಪಿಂಗು ಯಾವುದೂ ಬೇಕಿರಲಿಲ್ಲ ಅವಳಿಗೆ. ಉಪೇಂದ್ರ ರಿಟೈರ್ ಆದ ಮೇಲೆ, ಹೋದ ವರ್ಷ ಅಕ್ಟೋಬರಲ್ಲಿ ಹೊರಟರು. ನಮಗೆ ಎಲೆ ಉದುರೋ ಕಾಲ, ಅಲ್ಲಿ ಆಗ ವಸಂತ.

ಇಳಿದ ದಿನದಿಂದ ಮಳೆ. ಎರಡನೇ ದಿನ ನನಗೆ ಮೆಸೇಜ್ ಬಂತು: "ಯಜಮಾನರು ಬಹಳ ಖುಷಿಯಾಗಿದಾರೆ. ಗಾಡಿ ಸೋರ್ತಿದೆ." ಓದಿ ಎಷ್ಟು ನಕ್ಕಿದ್ದೆ ಅಂದರೆ, ನಮ್ಮನೆಯವರು ಏನಾಯ್ತು ಅಂತ ಅಡಿಗೆಮನೆಗೆ ಬಂದು ನೋಡಿದರು.

ಅಲ್ಲಿ ರಸ್ತೆಯ ಎಡಗಡೆ ಓಡಿಸಬೇಕು, ನಮ್ಮ ಇಂಡಿಯಾ ಥರಾನೇ. ಮೈಸೂರಲ್ಲಿ ಸ್ಕೂಟರ್ ಓಡಿಸಿದ ಕೈ, ಏನೂ ಕಷ್ಟ ಇಲ್ಲ ಅಂದ್ಕೊಂಡು ಹೋದರು. ಆದರೆ ಮಿಷಿಗನ್ ಅಭ್ಯಾಸ ಕೈಗೆ ಅಂಟಿಬಿಟ್ಟಿತ್ತು. ಪೆಟ್ರೋಲ್ ಹಾಕಿಸಿ ಹೊರಗೆ ಬಂದರೆ, ಗೇಟು ದಾಟಿದರೆ, ಸ್ಟಿಯರಿಂಗ್ ತಾನಾಗೇ ಬಲಗಡೆಗೆ ಹೋಗೋದು. ಅದಕ್ಕೆ ಸರಳಾ ಒಂದು ಕೆಲಸ ವಹಿಸ್ಕೊಂಡಳು. ಗಾಡಿ ಹೊರಟಾಗಲೆಲ್ಲ "ಎಡಕ್ಕೆ ರೀ" ಅನ್ನೋದು. ಫೋನಲ್ಲಿ ನನಗೆ ಹೇಳಿದಳು: "ದಿನಕ್ಕೆ ಮೂವತ್ತು ಸಲ ಹೇಳ್ತೀನಿ. ಮದುವೆಯಾದಮೇಲೆ ಇವರು ನನ್ನ ಮಾತು ಕೇಳ್ತಿರೋದು ಇದೇ ಮೊದಲು." ನಾನು ಅವಳ ದನಿ ಕೇಳಿದ್ದು ಅದೇ ಕೊನೆ.

ಏಳನೇ ದಿನ ಮಧ್ಯಾಹ್ನ, ಊಟ ಮುಗಿಸಿ ಹೊರಟ ಎರಡೇ ನಿಮಿಷಕ್ಕೆ ಎದುರಿಗೆ ಹಾಲಿನ ಟ್ಯಾಂಕರ್ ಬಂತು. ಉಪೇಂದ್ರ ತಪ್ಪು ಬದಿಯಲ್ಲಿದ್ದರು. ಗಾಬರಿಯಲ್ಲಿ ಕೈ ಮತ್ತೆ ಬಲಕ್ಕೇ ಎಳೆಯಿತು, ಟ್ಯಾಂಕರಿನವನೂ ಅದೇ ಕಡೆ ತಿರುಗಿಸಿದ. ಪೆಟ್ಟು ಬಿದ್ದದ್ದು ಎಡಗಡೆಗೆ, ಸರಳಾ ಕೂತಿದ್ದ ಕಡೆ. ಆಸ್ಪತ್ರೆ ತಲುಪೋ ಹೊತ್ತಿಗೆ ಅವಳಿರಲಿಲ್ಲ.

ಅವರ ಮಗಳು ದೀಪ್ತಿ ಷಿಕಾಗೋ ಪಕ್ಕದ ಸ್ಕೋಕಿಯಲ್ಲಿದಾಳೆ. ಸುದ್ದಿ ಕೇಳಿ ಒಬ್ಬಳೇ ಅಷ್ಟು ದೂರ ಹಾರಿಕೊಂಡು ಹೋದಳು. ಪೊಲೀಸು, ಕೋರ್ಟು ಎಲ್ಲಾ ಆಗಿ, ಡಿಸೆಂಬರಲ್ಲಿ ಅಪ್ಪನನ್ನ ಕರ್ಕೊಂಡು ಬಂದಳು. ಸರಳಾಳ "ಎಡಕ್ಕೆ ರೀ" ನಮಗೆಲ್ಲ ಗೊತ್ತಿತ್ತಲ್ಲ, ಅವತ್ತು ಅವಳು ಯಾಕೆ ಹೇಳಲಿಲ್ಲ ಅಂತ ಮನಸ್ಸಲ್ಲಿ ಕೇಳ್ಕೊಳ್ಳದವರಿಲ್ಲ. ಯಾರೂ ಬಾಯಿಬಿಟ್ಟು ಕೇಳೋ ಮುಂಚೆ ಉಪೇಂದ್ರ ಅವರೇ ಹೇಳಿಬಿಡೋರು: "ಊಟ ಆದಮೇಲೆ ನಿದ್ದೆ ಹತ್ತಿತ್ತು ಅವಳಿಗೆ." ಸದ್ಯ, ನಿದ್ದೇಲೇ ಹೋದಳು, ನೋವು ಗೊತ್ತಾಗಿರಲ್ಲ ಅಂತ ನಾವು ಸಮಾಧಾನ ಮಾಡ್ಕೊಂಡೆವು.

ಆಮೇಲೆ ಅವರು ಡ್ರೈವ್ ಮಾಡೋದನ್ನೇ ಬಿಟ್ಟರು. ನೋವೈಯಲ್ಲಿ ಕಾರಿಲ್ಲದೆ ಬದುಕೋದು ಹ್ಯಾಗೆ? ಜನವರಿ ಚಳೀಲಿ, ಫುಟ್‌ಪಾತೂ ಇಲ್ಲದ ರಸ್ತೆ ಅಂಚಲ್ಲಿ, ಎರಡು ಕೈಯಲ್ಲೂ ದಿನಸಿ ಚೀಲ ಹಿಡಿದು ನಡೀತಿದ್ದರು. ನಾನು ಕಾರು ನಿಲ್ಲಿಸಿ ಬೈದು ಹತ್ತಿಸ್ಕೊಂಡೆ. ಅವತ್ತಿಂದ ಗುರುವಾರ ಗುರುವಾರ ಅಂಗಡಿಗೆ, ಡಾಕ್ಟರ ಹತ್ರಕ್ಕೆ ನಾನೇ ಕರ್ಕೊಂಡು ಹೋಗ್ತೀನಿ. ನನ್ನ ಪಾರ್ಕಿಂಗ್ ಬಗ್ಗೆ ಈಗ ಅವರು ಒಂದು ಮಾತೂ ಆಡಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ ಎಷ್ಟೋ ಸಲ.

ಈ ಅಕ್ಟೋಬರಲ್ಲಿ ಸರಳಾಳ ವರ್ಷದ ತಿಥಿ. ದೀಪ್ತಿಗೆ ರಜ ಸಿಗಲಿಲ್ಲ, ಅವಳ ಮನೆಯಲ್ಲೇ ಮಾಡೋದು ಅಂತಾಯ್ತು. ಮುನ್ನೂರು ಮೈಲಿ, ನಾನೇ ಓಡಿಸಿದೆ. ಮನೆ ಬಿಟ್ಟಾಗಿಂದ ಜಿಟಿಜಿಟಿ ಮಳೆ, ವೈಪರ್ ನಿಲ್ಲಿಸೋ ಹಾಗಿಲ್ಲ. ಅರ್ಧ ದಾರಿವರೆಗೂ ಉಪೇಂದ್ರ ಬಾಯಿ ಬಿಡಲಿಲ್ಲ. ಕಾಲಮಜೂ ಅನ್ನೋ ಊರು ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಅಂದರು, "ಪದ್ಮ, ಸರಳಾ ನಿದ್ದೆ ಮಾಡ್ತಿರಲಿಲ್ಲ."

ನಾನು ಕಾರಿನ ವೇಗ ಕಡಿಮೆ ಮಾಡಿದೆ. ಅವರೇ ಹೇಳಿದರು. ಅವತ್ತು ಬೆಳಿಗ್ಗೆ ಹತ್ತು ನಿಮಿಷ ಮಳೆ ಬಿಟ್ಟಿತ್ತಂತೆ, ಬಿಸಿಲೂ ಬಂತಂತೆ. ರಸ್ತೆ ಪಕ್ಕ ಸಾಸಿವೆ ಹೂವಿನ ಥರದ ಹಳದಿ ಹೊಲ, ಕಣ್ಣು ಹೋಗೋವರೆಗೂ. ನಿಲ್ಲಿಸಿ ಅಂದಳಂತೆ ಸರಳಾ. ನಾಲ್ಕು ಗಂಟೆಗೆ ಮುಂದಿನ ಊರು ಸೇರಬೇಕು, ಬುಕಿಂಗ್ ಇದೆ, ವಾಪಸ್ ಬರ್ತಾ ನೋಡೋಣ ಅಂದರಂತೆ ಇವರು. "ನಾನು ಬಂದಿದ್ದೇ ಇದಕ್ಕೆ" ಅಂದವಳು ಆಮೇಲೆ ಮಾತೇ ಬಿಟ್ಟಳು.

"ಊಟಕ್ಕೆ ಒಂದು ಮರಗಳ ತೋಪಲ್ಲಿ ನಿಲ್ಲಿಸಿದೆ. ಮೊಸರನ್ನ ಕಲಸಿ ಕೊಟ್ಟಳು. ಏನೋ ಹೇಳೋಕೆ ಬಾಯಿ ತೆಗೆದಳು ಪದ್ಮ, ನಾನು ನೋಡಿದೆ. ಅಷ್ಟರಲ್ಲಿ ಅವಳ ಫೋನ್ ಸದ್ದು ಮಾಡ್ತು. ಅದನ್ನ ನೋಡಿ ಸುಮ್ಮನಾಗಿಬಿಟ್ಟಳು. ನಾನೂ ಬಿಗುವಾಗೇ ಕೂತಿದ್ದೆ. ನಾನೇ ಮಾತಾಡಿಸಬಹುದಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮದು ಉಂಡ ಮೇಲೂ ಮುಗೀಲಿಲ್ಲ. ತೋಪಿಂದ ಹೊರಗೆ ಬಂದಾಗ ಅವಳು ಆ ಕಡೆ ಮುಖ ಮಾಡ್ಕೊಂಡು ಹೊಲ ನೋಡ್ತಿದ್ದಳು. ಎಡಕ್ಕೆ ಅನ್ನಲಿಲ್ಲ."

ನನಗೆ ಸಿಟ್ಟು ಬಂತು. ಆ ಹೊಲದ ಹತ್ರ ಹತ್ತು ನಿಮಿಷ ನಿಲ್ಲಿಸಿದ್ದರೆ ಇವರ ಗಂಟೇನು ಹೋಗ್ತಿತ್ತು ಅಂತ ಅಳು ಕೂಡ ಬಂತು. "ಒಂದು ವರ್ಷ ನಿದ್ದೆ ನಿದ್ದೆ ಅಂತ ಹೇಳ್ಕೊಂಡು ಬಂದ್ರಲ್ಲ, ಮಗಳಿಗೆ ನಿಜ ಹೇಳೋದು ಬೇಡ್ವಾ?" ಅಂತ ದಬಾಯಿಸಿದೆ.

"ಹೇಳೋಕೇ ಬರ್ತಿದೀನಿ. ಸುಳ್ಳಿಟ್ಕೊಂಡು ನಾಳೆ ಸರಳಾಗೆ ಪಿಂಡ ಇಡೋಕಾಗಲ್ಲ ನನಗೆ. ದೀಪ್ತಿ ಆಮೇಲೆ ನನ್ನ ಮುಖ ನೋಡ್ತಾಳೋ ಇಲ್ವೋ ಗೊತ್ತಿಲ್ಲ" ಅಂದರು. ಹೇಳಿಬಿಡಿ, ಅವಳು ಒಳ್ಳೇ ಹುಡುಗಿ, ಅರ್ಥ ಮಾಡ್ಕೋತಾಳೆ ಅಂತ ಧೈರ್ಯ ಹೇಳಿದವಳು ನಾನೇ.

ಸಂಜೆ ದೀಪ್ತಿ ನಮಗೆ ಕಾಫಿ ಕೊಟ್ಟು ಎದುರಿಗೆ ಕೂತಳು. ಇಳಿದು ಹೋಗಿದ್ದಳು, ಮೂವತ್ತು ವರ್ಷದ ಹುಡುಗಿಗೆ ಕಣ್ಣಿನ ಕೆಳಗೆ ಕಪ್ಪು. ಉಪೇಂದ್ರ ಲೋಟ ಕೆಳಗಿಟ್ಟು "ದೀಪ್ತಿ, ಅಮ್ಮ ಅವತ್ತು ನಿದ್ದೆ ಮಾಡ್ತಿರಲಿಲ್ಲ" ಅಂದರು.

"ಐ ನೋ, ಅಪ್ಪ" ಅಂದಳು ಅವಳು. ಫೋನ್ ತೆಗೆದು ಒಂದು ಮೆಸೇಜ್ ತೋರಿಸಿದಳು. ದೀಪ್ತಿಗೆ ಕನ್ನಡ ಓದೋಕೆ ಬರಲ್ಲ ಅಂತ ಸರಳಾ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀತಿದ್ದಳು. "ನಿಮ್ಮಪ್ಪನ ಹತ್ರ ಮಾತು ಬಿಟ್ಟಿದೀನಿ. ಊಟಕ್ಕೆ ಕೂತಾಗ ಮಾತಾಡಿಸ್ತೀನಿ, ಪಾಪ." ಅದರ ಕೆಳಗೆ ದೀಪ್ತಿಯ ಉತ್ತರ. ಬೇಡ ಅಮ್ಮ, ಇವತ್ತಿಡೀ ದಿನ ಮಾತಾಡಬೇಡ, ಯಾವಾಗಲೂ ನೀನೇ ಯಾಕೆ ಸೋಲಬೇಕು ಅಂತ.

ಉಪೇಂದ್ರ ಆ ಫೋನನ್ನ ಎಷ್ಟೋ ಹೊತ್ತು ನೋಡಿದರು. ಊಟದ ಹೊತ್ತಲ್ಲಿ ಸದ್ದು ಮಾಡಿದ್ದು ಇದೇ ಅಂತ ಅವರಿಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು. ದೀಪ್ತಿಗೆ ಮಾತ್ರ ಗೊತ್ತಿರಲಿಲ್ಲ. ಒಂದು ವರ್ಷದಿಂದ ಕೇಳೋಕೆ ಹೆದರಿಕೊಂಡಿದ್ದನ್ನ ಅವಳು ಈಗ ಕೇಳಿದಳು, ಇಂಗ್ಲಿಷಲ್ಲಲ್ಲ, ಕನ್ನಡದಲ್ಲೇ. "ಅಪ್ಪ, ಅಮ್ಮ ಊಟದ ಹೊತ್ತಲ್ಲಿ ನಿನ್ನ ಮಾತಾಡಿಸಿದ್ಲಾ?"

ನಾನು ಉಪೇಂದ್ರ ಅವರ ಕಡೆ ನೋಡಲಿಲ್ಲ, ಕಾಫಿ ಲೋಟ ನೋಡ್ಕೊಂಡು ಕೂತೆ.

"ಮಾತಾಡಿಸಿದ್ಲಲ್ಲ" ಅಂದರು ಉಪೇಂದ್ರ. "ನಿನ್ನ ಮೆಸೇಜ್ ನೋಡಿ ನಕ್ಕು, ಇವಳೊಬ್ಬಳು ಅಂದಳು. ಆಮೇಲೆ ಎಲ್ಲಾ ಸರಿಹೋಯ್ತು. ಗಾಡಿ ಹೊರಟಾಗ ಎಡಕ್ಕೆ ರೀ ಅಂತಲೂ ಅಂದಳು ಕಣಮ್ಮ. ನನಗೆ ಗೊತ್ತು ಸುಮ್ನೆ ಕೂತ್ಕೋ ಅಂತ ನಾನೇ ಗದರಿಬಿಟ್ಟೆ. ಅದನ್ನ ಹೇಳೋಕೆ ಮುಖ ಇಲ್ಲದೆ ನಿದ್ದೆ ಅಂತ ಸುಳ್ಳು ಹೇಳ್ಕೊಂಡು ಬಂದೆ."

ದೀಪ್ತಿ ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಅತ್ತಳು. ವರ್ಷದಿಂದ ಎದೆ ಮೇಲೆ ಕೂತಿದ್ದದ್ದು ಇಳೀತು ಅಂತ ನೋಡಿದವರಿಗೆ ಗೊತ್ತಾಗ್ತಿತ್ತು. ಆಮೇಲೆ ತಲೆ ಎತ್ತಿ ಅಪ್ಪನನ್ನ ನೋಡಿದಳು. ಆ ಮುಖ ಬೇರೆ. "ಅವಳು ಹೇಳಿದಳು, ನೀನು ಕೇಳಲಿಲ್ಲ" ಅಂದಳು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಳು.

ಮಾರನೇ ದಿನ ತಿಥಿ ಆಯ್ತು. ಪುರೋಹಿತರು ಹೇಳಿದ್ದನ್ನೆಲ್ಲ ಉಪೇಂದ್ರ ತಪ್ಪಿಲ್ಲದೆ ಮಾಡಿದರು. ದೀಪ್ತಿ ಬಡಿಸಿದಳು. ಅಪ್ಪನ ಎಲೆಗೆ ಎಲ್ಲಾ ಬಂತು, ಮಾತೊಂದು ಬರಲಿಲ್ಲ. ಹೊರಡೋವಾಗ ನನ್ನನ್ನ ತಬ್ಬಿಕೊಂಡು "ಥ್ಯಾಂಕ್ಸ್, ಆಂಟಿ" ಅಂದಳು. ಅಪ್ಪನಿಗೆ ಕೋಟು ತಂದು ಕೊಟ್ಟು ಒಳಗೆ ಹೋದಳು.

ವಾಪಸ್ ಬರ್ತಾ ನಾನು ಕೇಳೇ ಕೇಳಿದೆ. "ಯಾಕ್ರೀ ಹಾಗೆ ಹೇಳಿದ್ರಿ? ನಿಜ ಹೇಳೋಕೆ ಅಂತ ಹೋಗಿ ಅದಕ್ಕಿಂತ ದೊಡ್ಡ ಸುಳ್ಳು ಹೇಳಿ ಬಂದ್ರಲ್ಲ."

"ಅವಳಿಗಿನ್ನೂ ಮೂವತ್ತು ವರ್ಷ ಪದ್ಮ" ಅಂದರು. "ಆ ಮೆಸೇಜನ್ನ ಹೊತ್ಕೊಂಡು ಎಷ್ಟು ವರ್ಷ ಬದುಕಬೇಕು ಲೆಕ್ಕ ಹಾಕಿ. ನನಗೆ ಅರವತ್ತಾರು ಆಯ್ತು."

"ಅವಳು ನಿಮ್ಮ ಹತ್ರ ಮಾತಾಡದೇ ಹೋದರೆ?"

"ಅವಳಮ್ಮನ ಮಗಳು" ಅಂದರು. "ಎಷ್ಟು ದಿನ ಬಿಡ್ತಾಳೋ ನೋಡೋಣ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಕಿಟಕಿ ಕಡೆ ತಿರುಗಿದರು. ನೋವೈ ಬರೋವರೆಗೂ ಆ ಕನ್ನಡಕ ಕೈಯಲ್ಲೇ ಇತ್ತು.

ಇದಾಗಿ ಆರು ವಾರ ಆಯ್ತು. ದೀಪ್ತಿ ನನಗೆ ಫೋನ್ ಮಾಡ್ತಾಳೆ, ಅಪ್ಪ ಮಾತ್ರೆ ತಗೋತಿದಾರಾ ಅಂತ ಕೇಳ್ತಾಳೆ, ಅವರಿಗೆ ಫೋನ್ ಕೊಡಿ ಅನ್ನಲ್ಲ. ಈಗ ನಿದ್ದೆ ಚೆನ್ನಾಗಿ ಬರ್ತಿದೆ ಆಂಟಿ ಅಂದಳು ಮೊನ್ನೆ. ಅದನ್ನ ಉಪೇಂದ್ರ ಅವರಿಗೆ ಹೇಳಿದೆ. ಹೌದಾ, ಒಳ್ಳೇದಾಯ್ತು ಅಂದರು, ಆಮೇಲೆ ಇನ್ನೊಂದ್ಸಲ ಹೇಳಿ ಅಂತ ಕೇಳಿಸ್ಕೊಂಡರು.

ಮೂವತ್ತು ವರ್ಷದಿಂದ ಎಲ್ಲರಲ್ಲೂ ತಪ್ಪು ಹುಡುಕ್ತಿದ್ದ ಮನುಷ್ಯ ಮಾಡಿದ್ದನ್ನ ಯಾರಿಗಾದರೂ ಹೇಳದೆ ಇರೋಕೆ ನನ್ನ ಕೈಲಾಗಲಿಲ್ಲ. ದೀಪ್ತಿಗೆ ಕನ್ನಡ ಓದೋಕೆ ಬರಲ್ಲ, ಆ ಒಂದು ಧೈರ್ಯದ ಮೇಲೆ ಬರೆದಿದೀನಿ. ನೀವು ಯಾರೂ ಅವಳಿಗೆ ಓದಿ ಹೇಳಬೇಡಿ.