ನಿಂತೇ ಸಾಯುವ ಫಿಂಟನ್

ಡಬ್ಲಿನ್ನಿನ ನಮ್ಮ ಬಡ ವಠಾರದಲ್ಲಿ ಕಳ್ಳರ, ಕುಡುಕರ ಸಿನಿಮಾ ತೆಗೆಯಲು ಯಾರೇ ಬರಲಿ, ಹೆಣದ ಪಾತ್ರ ಮಾತ್ರ ಫಿಂಟನ್‌ಗೇ ಮೀಸಲು. ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು, ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಚಿಪ್ಸ್ ತುಂಬಿ ತಿಂದು, ಉಲ್ಲಾಸದಿಂದ ಸಾಯಲು ಹೊರಡುತ್ತಾನೆ. ಏಳು ಸಿನಿಮಾಗಳಲ್ಲಿ ಸತ್ತಿದ್ದಾನೆ, ಒಂದರಲ್ಲೂ ಬಿದ್ದಿಲ್ಲ. ಗುಂಡು ತಗುಲಿದ ಕೂಡಲೇ ಬೆಲ್ಟು ಬಿಚ್ಚಿ ತನ್ನನ್ನು ದೀಪದ ಕಂಬಕ್ಕೆ ಕಟ್ಟಿಕೊಳ್ಳುತ್ತಾನೆ. “ನಮ್ಮ ನಾಡಿನ ಹಳೇ ಕಥೇಲಿ ಒಬ್ಬ ವೀರ ಬೀಳಬಾರ್ದು ಅಂತ ಕಲ್ಲಿಗೆ ಕಟ್ಕೊಂಡು ನಿಂತೇ ಪ್ರಾಣ ಬಿಟ್ಟ ಕಣಪ್ಪ. ಕಾಗೆ ಬಂದು ಹೆಗಲ ಮೇಲೆ ಕೂರೋವರೆಗೂ ಶತ್ರುಗಳು ಹತ್ರ ಸುಳೀಲಿಲ್ಲ,” ಎಂದು ನಿರ್ದೇಶಕರಿಗೇ ಪಾಠ ಹೇಳುತ್ತಾನೆ. ಈ ಸಲದ ನಿರ್ದೇಶಕಿ ಗಟ್ಟಿಗಿತ್ತಿ. “ಮೆಟ್ಟಿಲ ಮೇಲೆ ಬೀಳ್ಬೇಕು, ಇಲ್ಲಾಂದ್ರೆ ಬೇರೆ ಹೆಣ ಹುಡುಕ್ತೀನಿ,” ಎಂದಳು. ಫಿಂಟನ್ ಹೋಗಿ ಕಂಬಕ್ಕೆ ಒರಗಿ ನಿಂತ. ಅವನ ಹೆಂಡತಿ ಬ್ರೀಜ್ ಮಹಡಿಯಿಂದ ಬಾಗಿ, “ಇವನ ತಮ್ಮ ಡ್ರಗ್ಸ್ ಚುಚ್ಕೊಂಡು ಆ ಮೆಟ್ಟಿಲ ಮೇಲೇ ಬಿದ್ದು ಸತ್ತ ಕಣಮ್ಮ. ಜನ ಹೆಣ ದಾಟ್ಕೊಂಡೇ ಓಡಾಡಿದ್ರು. ಇವನು ಬೀಳಲ್ಲ,” ಎಂದಳು. ನಿರ್ದೇಶಕಿ ತಾನೇ ಹೋಗಿ ಅವನನ್ನು ಬೆಲ್ಟಿನಿಂದ ಕಂಬಕ್ಕೆ ಬಿಗಿದಳು. ಫಿಂಟನ್ ಸತ್ತ. ಎಲ್ಲ ಮಹಡಿಗಳಿಂದಲೂ ಎಂಥ ಚಪ್ಪಾಳೆ ಬಿತ್ತೆಂದರೆ, ಹೆಣ ತಡೆಯಲಾರದೆ ನಕ್ಕುಬಿಟ್ಟಿತು. “ಇನ್ನೊಂದ್ಸಲ ಸಾಯಿ ಮಾರಾಯ,” ಎಂದಳು ನಿರ್ದೇಶಕಿ, ತಾನೂ ನಗುತ್ತ.