ಅಮ್ಮ ಒಪ್ಪಿಕೊಂಡ ಜೇಡ

ನನ್ನ ತಂಗಿ ಅಮ್ಮನ ಜೊತೆ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೆ ಮಾತಾಡಿದಳು.

"ಅಮ್ಮ, ನಾನೊಂದು ಟರಾಂಟುಲಾ ಸಾಕ್ತೀನಿ. ದೊಡ್ಡ ಜಾತಿ ಜೇಡ. ನೀನು ಒಪ್ಕೋಬೇಕು."

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತಿ, ಅವಳ ಬದಲು ನನ್ನನ್ನು ನೋಡಿದಳು. "ಏನಂತೋ ಅವ್ಳಿಗೆ?" ಏಳು ತಿಂಗಳಿಂದ ಇಬ್ಬರ ಮಾತೂ ನನ್ನ ಮೂಲಕವೇ ಹೋಗಿ ಬರುತ್ತಿತ್ತು. ಆ ಅಭ್ಯಾಸ ಬಿಟ್ಟಿರಲಿಲ್ಲ.

ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಎದೆನೋವು ಬಂದದ್ದು ಬೆಳಗಿನ ಲಿಂಗಪೂಜೆಯ ಹೊತ್ತಿಗೆ. ಅಮ್ಮ ಅದನ್ನು ವಾಯು ಎಂದುಕೊಂಡು ಓಮಿನ ಕಾಳಿನ ನೀರು ಕುದಿಸಿ ಕೊಟ್ಟಳು. ಪೂಜೆ ಮುಗಿಸಿ ಕ್ಲಿನಿಕ್ಕಿಗೆ ಹೋದರಾಯಿತು ಎಂದಳು. ಅಪ್ಪನೂ ಹೂಂ ಎಂದರಂತೆ. ನಾನು ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ. ತಂಗಿ ಸ್ಕೂಟರಿನ ಕೀ ಹಿಡಿದು ಹಜಾರದಲ್ಲಿ ನಿಂತಿದ್ದಳು. ನಲವತ್ತು ನಿಮಿಷ ಹೋಯಿತು. ಅಪ್ಪ ಕೂತಲ್ಲೇ ವಾಲಿದರು. ಬೇಗ ಕರೆತಂದಿದ್ದರೆ ಬದುಕುತ್ತಿದ್ದರೇ ಎಂದು ವೈದ್ಯರನ್ನು ಕೇಳಿದೆ. ಖಚಿತವಾಗಿ ಹೇಳಲಾಗದು ಎಂದರು. ನಾನು ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಖಚಿತವಲ್ಲದ್ದನ್ನು ಶೀರ್ಷಿಕೆಗೆ ಏರಿಸುವುದಿಲ್ಲ. ತಂಗಿ ಏರಿಸಿದಳು. ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ, ನೆಂಟರ ಎದುರಿಗೇ, "ನೀನೇ ಕಾಯಿಸ್ದೆ" ಎಂದು ಅಮ್ಮನಿಗೆ ಹೇಳಿದಳು. ಆಮೇಲೆ ಮಾತಿಲ್ಲ. ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯನ್ನೂ ಅರ್ಧಕ್ಕೆ ನಿಲ್ಲಿಸಿ ಕೋಣೆ ಸೇರಿದಳು.

ಜೇಡ ಅವಳ ಸಹಪಾಠಿಯದು. ಆ ಹುಡುಗಿ ಬೋಗಾದಿಯಲ್ಲಿ ಬಾಡಿಗೆಗಿದ್ದಳು, ಕೋರ್ಸ್ ಮುಗಿಸಿ ಊರಿಗೆ ಹೊರಟಿದ್ದಳು. ಜೇಡ ವಿದೇಶದ ಜಾತಿ. ಕಾಗದಪತ್ರ ಸರಿಯಿದೆಯೇ ಎಂದು ಮೊದಲು ವಿಚಾರಿಸಿದೆ. ಸರಿಯಿತ್ತು. ಉಳಿದದ್ದು ಅಮ್ಮನ ಒಪ್ಪಿಗೆ.

"ಜೇಡರಹುಳ ತಾನೇ? ಮೂಲೆ ಮೂಲೇಲೂ ಇವೆ, ಯಾವ್ದಾದ್ರೂ ಸಾಕ್ಕೊಳ್ಳಕ್ಕೆ ಹೇಳು," ಎಂದಳು ಅಮ್ಮ.

"ಇದು ಅಂಗೈ ಅಗಲ ಇರುತ್ತೆ. ಕೂಗಲ್ಲ, ಯಾರ ತಂಟೆಗೂ ಹೋಗಲ್ಲ, ಡಬ್ಬಿಯಿಂದ ಆಚೆ ಬರಲ್ಲ," ಎಂದಳು ತಂಗಿ.

"ಮಾತಾಡಲ್ಲ, ಆಚೆ ಬರಲ್ಲ. ಅಂಥದ್ದೊಂದು ಆಗ್ಲೇ ಇದ್ಯಲ್ಲ ಮನೇಲಿ."

ನಾನು ನಕ್ಕುಬಿಟ್ಟೆ. ತಂಗಿ ನಗಲಿಲ್ಲ, ಆದರೆ ಬಾಗಿಲು ಬಿಟ್ಟು ಹೋಗಲೂ ಇಲ್ಲ.

"ತಿನ್ನಕ್ಕೇನು ಅದಕ್ಕೆ?" ಈ ಸಲ ಅಮ್ಮ ಅವಳನ್ನೇ ಕೇಳಿದಳು.

"ಜೀರುಂಡೆ. ವಾರಕ್ಕೊಂದು."

"ಸತ್ತಿರೋದಾ?"

"ಇಲ್ಲ. ಜೀವ ಇರೋದು."

ಅಮ್ಮನ ಕೈ ನಿಂತಿತು. "ಈ ಮನೆ ಹೊಸಿಲು ದಾಟಿ ಒಂದು ಮೊಟ್ಟೆ ಬಂದಿಲ್ಲ. ಲಿಂಗ ಕಟ್ಟಿರೋ ಮನೇಲಿ ಜೀವ ಹಾಕಿ ಜೀವ ಸಾಕ್ತೀಯಾ? ಆಗಲ್ಲ, ಬುಡು."

ಅಮ್ಮನಿಗೆ ಜೇಡದ ಹೆದರಿಕೆ ಇರಲಿಲ್ಲ. ತಡೆ ಇದ್ದದ್ದು ಇಷ್ಟೇ. ಅದನ್ನು ದಾಟಲು ಮೂರು ವಾರ ಬೇಕಾಯಿತು. ತಂಗಿ ದಿನಾ ಅಡುಗೆಮನೆಗೆ ಬಂದು ವಾದ ಮಾಡುತ್ತಿದ್ದಳು. ವಾದ ಮಾಡುತ್ತಲೇ ಅಲ್ಲೇ ನಿಂತು ದೋಸೆ ತಿನ್ನುತ್ತಿದ್ದಳು. ಅದುವರೆಗೆ ಅವಳ ತಟ್ಟೆಯನ್ನು ನಾನು ಕೋಣೆಗೆ ಕೊಂಡೊಯ್ಯಬೇಕಿತ್ತು.

"ಹಲ್ಲಿ ಹುಳ ತಿನ್ನಲ್ವಾ ನಿನ್ನ ದೇವರ ಮನೇಲಿ?"

"ಹಲ್ಲಿ ತಾನೇ ಹುಡುಕ್ಕೊಂಡು ತಿನ್ನುತ್ತೆ ಕಣೇ. ನಾನು ಎಲೆ ಹಾಕಿ ಬಡಿಸಲ್ಲ."

"ಸೊಳ್ಳೆ ಬತ್ತಿ ಹಚ್ತೀಯಲ್ಲ?"

"ಅದು ಓಡ್ಸಕ್ಕೆ."

"ಓಡಲ್ಲಮ್ಮ. ಸಾಯುತ್ತೆ."

"ನಂಗೆ ಗೊತ್ತಿಲ್ದಲೇ ಸತ್ರೆ ಅದು ನಾನು ಸಾಯ್ಸಿದ್ದಲ್ಲ."

ಆ ಮಾತಿನ ಮೇಲೆ ತಂಗಿ ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಮರುದಿನ ವಾದ ಇರಲಿಲ್ಲ. ಅದರ ಮರುದಿನ ಅಮ್ಮನೇ ಶುರು ಮಾಡಿದಳು.

ಮಠದಿಂದ ಮನೆಗೆ ಬರುವ ಅಯ್ಯನವರನ್ನೂ ಕೇಳಿದ್ದಾಯಿತು. ಅವರು ತಂಗಿಯ ಫೋನಿನಲ್ಲಿ ಜೇಡದ ಚಿತ್ರ ನೋಡಿ, ಫೋನನ್ನು ತೋಳುದ್ದ ದೂರ ಹಿಡಿದು, "ಇದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಕಣ್ರಮ್ಮ, ನಿಮ್ಮ ಮನಸ್ಸು" ಎಂದು ಕಾಫಿ ಕುಡಿದು ಹೋದರು. ಮೂರನೇ ವಾರದ ಕೊನೆಗೆ ಅಮ್ಮ ಷರತ್ತು ಹಾಕಿದಳು. ಜೇಡ ಮನೆಯೊಳಗೆ ಇರಬಹುದು, ಅದರ ಊಟ ಹೊಸಿಲಾಚೆ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಡಬ್ಬಿ ಇಟ್ಟು ಜೀರುಂಡೆ ಬಿಡಬೇಕು, ತಿಂದ ಮೇಲೆ ಒಳಗೆ ತರಬೇಕು. ಸೋಮವಾರ ಕೂಡದು. ತಾನು ನೋಡುವುದಿಲ್ಲ, ಮುಟ್ಟುವುದಿಲ್ಲ.

ಹೀಗೆ ಕುವೆಂಪುನಗರದ ನಮ್ಮ ಮನೆಯಲ್ಲಿ ಬುಧವಾರ ಜೇಡದ ಊಟದ ದಿನವಾಯಿತು. ಲಷ್ಕರ್ ಮೊಹಲ್ಲಾದಲ್ಲಿ ಸಾಕುವ ಹಕ್ಕಿ, ಮೀನು ಮಾರುವ ಅಂಗಡಿಯೊಂದರಿಂದ ತಂಗಿ ಜೀರುಂಡೆ ತರುತ್ತಿದ್ದಳು. ಅಮ್ಮ ಬೆನ್ನು ತಿರುಗಿಸಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದಲೇ "ತಿಂತಾ?" ಎಂದು ಕೂಗುತ್ತಿದ್ದಳು. "ತಿಂತು" ಎಂದು ತಂಗಿ ಹಿತ್ತಿಲಿನಿಂದ ಕೂಗುತ್ತಿದ್ದಳು. ಇದು ಐದು ತಿಂಗಳು ನಡೆಯಿತು. ಆ ಅವಧಿಯಲ್ಲಿ ಅವಳು ಎಂ.ಎಸ್ಸಿ.ಗೆ ವಾಪಸಾದಳು. ಅಮ್ಮನ ಕಣ್ಣಿನ ಪರೀಕ್ಷೆಗೆ ಅವಳೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಅಪ್ಪನ ವಿಷಯ ಇಬ್ಬರೂ ಎತ್ತಲಿಲ್ಲ.

ಆಮೇಲೆ ಅವಳಿಗೆ ಹತ್ತು ದಿನದ ಕ್ಷೇತ್ರಕಾರ್ಯ ಬಂತು. ಕಾಡಂಚು, ಫೋನ್ ಸಿಗುವ ಜಾಗವಲ್ಲ. ಜೇಡವನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ಜೀರುಂಡೆಗಳನ್ನು ಮೊದಲೇ ತಂದು ಹಿತ್ತಿಲಲ್ಲಿ ಇಟ್ಟು, ಎರಡು ಪುಟ ಸೂಚನೆ ಬರೆದುಕೊಟ್ಟಳು, ಹನ್ನೊಂದು ಅಂಶ. ಅವಳು ಹೊರಟ ಎರಡನೇ ದಿನ ಕಚೇರಿಯವರು ಚುನಾವಣೆ ಕೆಲಸಕ್ಕೆಂದು ನನ್ನನ್ನು ಚಾಮರಾಜನಗರಕ್ಕೆ ಕಳಿಸಿದರು. ಬುಧವಾರ ನಡುವೆ ಬರುತ್ತಿತ್ತು.

ಎರಡು ಪುಟವನ್ನು ಅಮ್ಮನಿಗೆ ಕೊಡಬಹುದಿತ್ತು. ಕೊಡಲಿಲ್ಲ. ಹೊಸ ವರದಿಗಾರರು ಬರೆಯುವ ಹಾಗಿತ್ತು ಅದು, ಉದ್ದ, ಹೇಳಿದ್ದನ್ನೇ ಹೇಳುವುದು. ಅಮ್ಮನ ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. ನಾನು ದಪ್ಪ ಅಕ್ಷರದಲ್ಲಿ ಐದು ಸಾಲಿಗೆ ಇಳಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ. ಬಟ್ಟಲಲ್ಲಿ ನೀರಿರಲಿ. ಬಿಸಿಲಿಗೆ ಇಡಬೇಡ. ಕೈ ಒಳಗೆ ಹಾಕಬೇಡ. ಮುಚ್ಚಳ ಸರಿಯಾಗಿ ಹಾಕು. ಬುಧವಾರ ಒಂದು ಜೀರುಂಡೆ. ಕೊನೆಯ ಸಾಲನ್ನು ಬರೆಯುವಾಗ, ಅಮ್ಮ ಅದನ್ನು ಹೇಗೂ ಮಾಡುವುದಿಲ್ಲ, ಒಂದು ವಾರ ತಿನ್ನದಿದ್ದರೆ ಜೇಡಕ್ಕೇನೂ ಆಗುವುದಿಲ್ಲ ಎಂದುಕೊಂಡಿದ್ದೆ.

ನಾನು ಹೊಡೆದುಹಾಕಿದ್ದರಲ್ಲಿ ಏಳನೆಯ ಅಂಶ ಹೀಗಿತ್ತು: ಜೇಡ ಜೀರುಂಡೆಯನ್ನು ತಿನ್ನದಿದ್ದರೆ ಮರುದಿನ ಬೆಳಿಗ್ಗೆ ತಪ್ಪದೆ ಹೊರಗೆ ತೆಗೆಯಬೇಕು. ಪೊರೆ ಬಿಡುವ ಮುಂಚೆ ಜೇಡ ಊಟ ಬಿಡುತ್ತದೆ. ಪೊರೆ ಬಿಡುವಾಗ ಅಂಗಾತ ಮಲಗುತ್ತದೆ, ಮೈ ಮೆತ್ತಗಿರುತ್ತದೆ, ಕದಲಲಾಗದು. ಆಗ ಜೀರುಂಡೆಯೇ ಅದನ್ನು ತಿನ್ನುತ್ತದೆ.

ಬುಧವಾರ ಅಮ್ಮ ಫೋನ್ ಮಾಡಿದಳು. "ನಾನೇ ಹಾಕ್ದೆ ಕಣೋ. ಕಣ್ಮುಚ್ಕೊಂಡು ಹಾಕ್ಬುಟ್ಟೆ."

"ನೀನಾ?"

"ಇನ್ನೇನ್ ಮಾಡ್ಲಿ? ಅವ್ಳ ಜೇಡ ನನ್ನ ಮನೇಲಿ ಉಪವಾಸ ಇರ್ಬೇಕಾ?"

ಶಹಬ್ಬಾಸ್ ಎಂದೆ. ಗುರುವಾರ ಮತ್ತೆ ಫೋನ್ ಬಂತು. ನಾನು ಅಭ್ಯರ್ಥಿಯೊಬ್ಬರ ಸಭೆಯಲ್ಲಿದ್ದೆ, ಪಕ್ಕದಲ್ಲೇ ಧ್ವನಿವರ್ಧಕ. "ತಿಂದೇ ಇಲ್ಲ ಕಣೋ. ಮೂಲೇಲಿ ಮುದುರ್ಕೊಂಡದೆ. ಇನ್ನೆರಡು ಹಾಕ್ಲಾ?" ನಾನು "ಹಾಕಮ್ಮ" ಎಂದು ಫೋನ್ ಇಟ್ಟೆ. ತಂಗಿಯ ಎರಡು ಪುಟ ಆಗ ನನ್ನ ಹೆಗಲ ಚೀಲದಲ್ಲೇ ಇದ್ದವು.

ಶನಿವಾರ ಬೆಳಿಗ್ಗೆ ಬಂದಾಗ ಡಬ್ಬಿ ಒಗೆಯುವ ಕಲ್ಲಿನ ಮೇಲಿತ್ತು. ಅಮ್ಮ ಬುಧವಾರದಿಂದ ದಿನಾ ಬೆಳಿಗ್ಗೆ, ತಿನ್ನುತ್ತದೇನೋ ಎಂದು, ಅದನ್ನು ಹೊರಗೆ ಒಯ್ದು ಒಳಗೆ ತಂದು ಷರತ್ತು ಪಾಲಿಸಿದ್ದಳು. ಜೇಡ ಅಂಗಾತ ಬಿದ್ದಿತ್ತು, ಹಳೆಯ ಪೊರೆಯಿಂದ ಅರ್ಧ ಹೊರಗೆ ಬಂದು. ಮೂರು ಜೀರುಂಡೆಗಳೂ ಜೀವಂತವಾಗಿದ್ದವು. ಎರಡು ಅದರ ಹೊಟ್ಟೆಯ ಮೇಲಿದ್ದವು.

"ನಿದ್ದೆ ಮಾಡ್ತಾದೆ ಅಂದ್ಕೊಂಡೆ," ಎಂದಳು ಅಮ್ಮ. ಆಮೇಲೆ, "ಅವು ತಿಂತಾವೆ ಅಂತ ಯಾರಿಗ್ಗೊತ್ತಪ್ಪ?"

ಮುಚ್ಚಳದ ಮೇಲಿನ ಕಾಗದವನ್ನು ನಾನು ಕಿತ್ತು ಜೇಬಿಗೆ ಹಾಕಿಕೊಂಡೆ. ಯಾಕೆಂದು ಆಗ ಯೋಚಿಸಲಿಲ್ಲ. ಈಗ ಗೊತ್ತಿದೆ. ಅಮ್ಮ ಜೇಡವನ್ನು ಹಿತ್ತಿಲಲ್ಲಿ ಮಣ್ಣು ಮಾಡಿ, ಮೇಲೆ ಒಂದು ಚಿಟಿಕೆ ವಿಭೂತಿ ಉದುರಿಸಿದಳು.

ತಂಗಿ ಬಂದ ದಿನ ಅವಳು ಚಪ್ಪಲಿ ಬಿಡುವ ಮುಂಚೆಯೇ ಅಮ್ಮ ಹೇಳಿದಳು. "ಜೇಡ ಹೋಯ್ತು ಕಣಮ್ಮ. ನಾನೇ ಹಾಕ್ದೆ, ಮೂರು ಜೀರುಂಡೆ. ಹಸ್ಕೊಂಡದೆ ಅಂತ."

ತಂಗಿ ಕೋಣೆಗೆ ಹೋಗಿ ಖಾಲಿ ಡಬ್ಬಿ ನೋಡಿ ಬಂದಳು. "ನಾನು ಬರ್ದಿಟ್ಟಿದ್ದು ಓದಿದ್ಯಾ?"

"ಓದ್ದೆ."

"ಪೂರ್ತಿ?"

"ಪೂರ್ತಿ ಓದ್ದೆ."

ಅಮ್ಮ ಹೇಳಿದ್ದು ನಿಜ. ಡಬ್ಬಿಯ ಮೇಲಿದ್ದದ್ದೆಲ್ಲ ತಂಗಿ ಬರೆಸಿದ್ದೇ ಎಂದು ಅಮ್ಮ ತಿಳಿದಿದ್ದಳು, ಅದನ್ನು ಪೂರ್ತಿ ಓದಿದ್ದಳು. ನಾನು ಇಬ್ಬರಿಂದಲೂ ನಾಲ್ಕಡಿ ದೂರದಲ್ಲಿ ನಿಂತಿದ್ದೆ. ಒಂದು ವಾಕ್ಯ ಸಾಕಿತ್ತು. ಹೇಳಲಿಲ್ಲ.

"ಓದೂ ಹಾಕ್ದೆ," ಎಂದಳು ತಂಗಿ. ಧ್ವನಿ ಏರಿಸಲಿಲ್ಲ. ಅಮ್ಮನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ತಿಂಗಳೊಳಗೆ ಬೋಗಾದಿಯಲ್ಲಿ ಕೋಣೆ ಮಾಡಿಕೊಂಡು ಹೋದಳು. ಒಂದೂವರೆ ವರ್ಷವಾಯಿತು.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ ನಾನು ಅಮ್ಮನಿಗೆ ಎರಡು ಪುಟಗಳನ್ನು ಕೊಟ್ಟು ಏಳನೆಯ ಅಂಶ ತೋರಿಸಿದೆ. ಹೊಸ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಬೈಯಲಿಲ್ಲ.

"ಅವ್ಳಿಗೆ ಹೇಳ್ತೀನಿ," ಎಂದೆ.

"ಬ್ಯಾಡ."

"ತಪ್ಪು ನಂದಮ್ಮ."

"ಇರ್ಲಿ. ನಿನ್ ಜೊತೇನೂ ಮಾತು ಬಿಟ್ರೆ ಅವ್ಳು ಉಂಡ್ಲಾ ಮಲಗಿದ್ಲಾ ಅಂತ ನಂಗೆ ಹೇಳೋರ್ಯಾರೋ? ನನ್ ಮೇಲಂತೂ ಆಗ್ಲೇ ಇದೆ. ಇದೂ ಅಲ್ಲೇ ಇರ್ಲಿ ಬುಡು."

ಅಂದಿನಿಂದ ನಾನು ಪ್ರತಿ ಭಾನುವಾರ ಬೋಗಾದಿಗೆ ಹೋಗುತ್ತೇನೆ. ಅಮ್ಮ ಡಬ್ಬಿಗೆ ಹಾಕಿಕೊಟ್ಟ ತಿಂಡಿಯನ್ನು ತಂಗಿ ತೆಗೆದುಕೊಳ್ಳುತ್ತಾಳೆ, ತಿನ್ನುತ್ತಾಳೆ, ಡಬ್ಬಿ ತೊಳೆದು ಕೊಡುತ್ತಾಳೆ. ಮನೆಯ ಬಗ್ಗೆ ಕೇಳುವುದಿಲ್ಲ. ನಾನು ಮನೆಗೆ ಬಂದು, ಅವಳು ಸೊರಗಿಲ್ಲ, ಕೆಲಸ ಸಿಕ್ಕಿದೆ, ಕೆಮ್ಮು ಇದೆ ಎಂದು ವರದಿ ಒಪ್ಪಿಸುತ್ತೇನೆ. ಅಮ್ಮ ನಿಂತೇ ಕೇಳುತ್ತಾಳೆ, ಕೆಲವನ್ನು ಎರಡು ಸಲ ಹೇಳಿಸುತ್ತಾಳೆ.

ಅಮ್ಮ ಬೇಡವೆಂದ ಮೇಲೆ ನಾನು ಬಾಯಿಬಿಟ್ಟಿಲ್ಲ. ಅದರಲ್ಲಿ ಅಮ್ಮನ ಮಾತಿಗೆ ಬೆಲೆ ಕೊಟ್ಟದ್ದೆಷ್ಟು, ನನ್ನ ಅನುಕೂಲವೆಷ್ಟು ಎಂದು ನನಗೆ ಬೇರ್ಪಡಿಸಲಾಗಿಲ್ಲ. ಇದನ್ನು ಬರೆದು ಮುಗಿಸಿದ್ದೇನೆ. ಅಚ್ಚಾದರೆ ತಂಗಿ ಓದುತ್ತಾಳೆ. ಬರೆದಿರುವುದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.