ಒಗ್ಗರಣೆ ತಾಗದ ಕೋಟು

ಆ ಭಾನುವಾರ ಬೆಳಿಗ್ಗೆ ಇವರು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಮಾತನ್ನು ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದರು. ನಾನು ನೀರ್ದೋಸೆ ಹೊಯ್ಯುತ್ತಿದ್ದೆ.

"ಅದರ ಅರ್ಥ ಎಂತ ಮಾರಾಯ್ರೆ?"

"ನಾನು ಇನ್ನೂ ಲಾಯರ್ ಅಲ್ಲ, ಕಲಿಯುವವ ಅಂತ. ನಾಳೆ ಜಡ್ಜ್ ಎದುರು ಮೊದಲು ಅದನ್ನೇ ಹೇಳ್ಬೇಕು."

"ಅಲ್ಲ ಅಂತ ಹೇಳ್ಲಿಕ್ಕೆ ಮೂರು ವರ್ಷ ಓದಿದ್ದಾ?"

ನಗಾಡಿದರು.

ನನ್ನ ಗಂಡ ದೇವದಾಸ ಇಲ್ಲಿ ಅಮೆರಿಕದಲ್ಲಿ, ಆರ್ಟೀಶಿಯ ಊರಿನ ಒಂದು ಹೋಟೆಲಿನಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದವರು. ಐವತ್ತೊಂದನೇ ವಯಸ್ಸಿಗೆ ಸಂಜೆ ಕಾಲೇಜು ಸೇರಿ ಕಾನೂನು ಓದಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿದದ್ದು ಇಷ್ಟೇ. ಪಾಸಾಗುವ ಮೊದಲೂ ಕೋರ್ಟಿನಲ್ಲಿ ಮಾತಾಡಬಹುದು. ಪಕ್ಕದಲ್ಲಿ ಲಾಯರ್ ಇರಬೇಕು. ಕೇಸಿನವರು ಒಪ್ಪಿ ಸಹಿ ಹಾಕಬೇಕು. 2023ರಲ್ಲಿ ಇವರಿಗೆ ಪರ್ಮಿಷನ್ ಬಂತು. ಲಾಯರ್ ಗಗನಾ, ಮಗಳ ಪ್ರಾಯದವಳು. ಕೇಸು ಶಿವಬಸವ್ವನದು. ಸ್ಯಾನ್ ಡಿಯಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು. ಬಾಡಿಗೆ ಕೋಣೆಯಿಂದ ಅವಳನ್ನು ಹೊರಗೆ ಹಾಕಲು ಓನರ್ ಕೋರ್ಟಿಗೆ ಹೋಗಿದ್ದ. ಸಹಿ ಹಾಕುವಾಗ ಅವಳು ಕೇಳಿದಳಂತೆ, "ತಲಿ ಬೆಳ್ಳಗಾಗೇತಿ, ಇನ್ನೂ ಸ್ಟೂಡೆಂಟ್ ಏನ್ರೀ ಅಣ್ಣಾರ?"

ಕರಿ ಕೋಟು ಹೊಸತು. ಹೋಟೆಲಿನ ಎಣ್ಣೆ ವಾಸನೆ ಮೈಯಿಂದ ಹೋಗುವುದಿಲ್ಲ ಎಂದು ಇವರಿಗೆ ಮೊದಲೇ ನಾಚಿಕೆ. ನಮ್ಮದು ಒಂದೇ ಕೋಣೆಯ ಮನೆ. "ಒಗ್ಗರಣೆ ಹಾಕುವ ಮೊದಲು ಕೋಟು ಹೊರಗೆ ಇಡು" ಎಂದಿದ್ದರು. ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ತೂಗುಹಾಕುತ್ತಿದ್ದೆ.

ಆ ಸಂಜೆ ಎದೆ ಹಿಡಿಯಿತು ಎಂದರು. ಗ್ಯಾಸ್ ಎಂದರು. ನಾನೂ ಗ್ಯಾಸ್ ಎಂದೆ. ಜೀರಿಗೆ ಕಷಾಯ ಮಾಡಿ ಕೊಟ್ಟೆ. ಕುಡಿದು ಮಲಗಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ.

ಸೋಮವಾರ ಐದಕ್ಕೆ ಎದ್ದು ಕೋಟು ಹೊರಗೆ ಇಟ್ಟೆ. ಒಗ್ಗರಣೆ ಹಾಕಿದೆ. ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು.

ಕೇಸು ಎರಡು ವಾರ ಮುಂದೆ ಹೋಯಿತು. ಗಗನಾ ಒಬ್ಬಳೇ ನಿಂತಳು. ಕೋಣೆ ಉಳಿಯಿತು. ಅದನ್ನು ಹೇಳಲು ಶಿವಬಸವ್ವ ಬಸ್ಸು ಹಿಡಿದು ಸೆರಿಟೋಸಿಗೆ ನಮ್ಮ ಮನೆಗೆ ಬಂದಳು.

"ಅಣ್ಣಾರು ಏನ್ ಬರದಿಟ್ಟಿದ್ರು, ಗಗನಾ ಮೇಡಮ್ಮಾರು ಅದನ್ನ ಓದಿದ್ರು ಅಕ್ಕಾ."

"ಇವರ ಹೆಸರು ಹೇಳಿದಳಾ?"

"ಹೇಳಿದ್ರು. ಜಡ್ಜ್ ಆ ಹೆಸರು ಬರಕೊಂಡ್ರು."

ಕೋಟನ್ನು ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾರೆ. ಕೋರ್ಟಿಗೆ ಒಮ್ಮೆಯೂ ಹಾಕಿಕೊಂಡು ಹೋದದ್ದಲ್ಲ. ಬೆಳಿಗ್ಗೆ ಎದ್ದು ಮೊದಲು ಅದನ್ನು ಬಾಲ್ಕನಿಗೆ ಒಯ್ಯುತ್ತೇನೆ. ಬಾಗಿಲು ಹಾಕುತ್ತೇನೆ. ಆಮೇಲೆ ಎಣ್ಣೆಗೆ ಸಾಸಿವೆ ಹಾಕುತ್ತೇನೆ.